ದವಡೆಗೆ ಬಂದ ಕಾಲು

ಚೇಳೂರಿನ ನಮ್ಮ ಮನೆಯಲ್ಲಿ ಮೊರಕ್ಕೆ ಕಾಲು ತಾಗಿದರೂ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಿತ್ತು. ಮರೆತರೆ ಅವ್ವ ತಲೆಗೊಂದು ಮೊಟಕುತ್ತಿದ್ದಳು. ಅಂಥ ಅವ್ವನಿಗೆ ದವಡೆಯಲ್ಲಿ ಕ್ಯಾನ್ಸರ್ ಆಯಿತು. ಕೆಟ್ಟ ಮೂಳೆ ತೆಗೆದು ಆ ಜಾಗಕ್ಕೆ ಕಾಲಿನ ಮೂಳೆ ಕೂರಿಸುತ್ತೇವೆ ಎಂದು ಬೆಂಗಳೂರಿನ ಡಾಕ್ಟರು ಹೇಳಿದಾಗ ಅವಳು ರೇಗಿಬಿಟ್ಟಳು.

“ಕಾಲಿಂದು ತಂದು ಬಾಯಿಗಿಕ್ತೀರಾ ಸ್ವಾಮಿ? ಉಣ್ಣೋ ಬಾಯಿ ಅಲ್ವಾ ಇದು!”

ಬೇರೆ ದಾರಿಯಿಲ್ಲ ಎಂದಾಗ ಮುಖ ಸಿಂಡರಿಸಿಕೊಂಡೇ ಒಪ್ಪಿದಳು.

ಆಪರೇಷನ್ ಬೆಳಿಗ್ಗೆ ಶುರುವಾಗಿ ಸಂಜೆಗೆ ಮುಗಿಯಿತು. ಮೊಣಕಾಲಿನ ಕೆಳಗಿನ ತೆಳು ಮೂಳೆಯನ್ನು ರಕ್ತನಾಳದ ಸಮೇತ ತೆಗೆದು, ದವಡೆಯ ಆಕಾರಕ್ಕೆ ಕತ್ತರಿಸಿ ಜೋಡಿಸಿ, ಆ ನಾಳವನ್ನು ಕುತ್ತಿಗೆಯ ನಾಳಕ್ಕೆ ಹೊಲಿದಿದ್ದರು. ಮಾರನೆಯ ದಿನ ನರ್ಸ್ ಪೆನ್ನಿನಂಥ ಯಂತ್ರವೊಂದನ್ನು ಅವ್ವನ ಕತ್ತಿನ ಮೇಲಿಟ್ಟರು. ಸುಯ್ ಸುಯ್ ಎಂದು ಸದ್ದು ಬಂತು.

“ರಕ್ತ ಹೋಗ್ತಿದೆ. ಮೂಳೆಗೆ ಜೀವ ಇದೆ,” ಎಂದರು.

ರಾಗಿ ಹೊಲದಲ್ಲೆಲ್ಲ ನಡೆದಾಡಿದ್ದ ಮೂಳೆ ಈಗ ಅವಳ ಮುಖದಲ್ಲಿ ಬದುಕುತ್ತಿತ್ತು.

ಈ ಸಲದ ಯುಗಾದಿಗೆ ಅವ್ವ ತುಮಕೂರಿನ ನನ್ನ ಮನೆಗೆ ಬಂದಿದ್ದಳು. ನಾನು ಬಗ್ಗಿ ಅವಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಏಳುವಷ್ಟರಲ್ಲಿ ಅವಳು ನನ್ನ ಕೈಯನ್ನು ಎಳೆದು ತನ್ನ ದವಡೆಗೆ ಒತ್ತಿಕೊಂಡಳು.

“ಪೂರ್ತಿ ಮುಟ್ಟು ಕಣ್ಲಾ. ಮಿಕ್ಕಿದ್ದು ಇಲ್ಲೈತೆ.”

ಚರ್ಮದಡಿಯಲ್ಲಿ ಮೂಳೆ ಗಟ್ಟಿಯಾಗಿ, ಬೆಚ್ಚಗೆ ಕೂತಿತ್ತು. ನಾನು ಕೈಯನ್ನು ಮತ್ತೆ ಕಣ್ಣಿಗೊತ್ತಿಕೊಂಡೆ.