ಪ್ರತಿಮಾ ಬಿಗಿ ಮಾಡಿದ ಬೋಲ್ಟ್

ನನ್ನ ಮಗಳ ಬೈಕಿನ ಎಂಜಿನ್ನಿನಡಿಯ ಆಯಿಲ್ ಬೋಲ್ಟ್ ಹಾಳು ಮಾಡಿದವನು ನಾನು. ಅವಳಲ್ಲ. ಅವಳು ಸರಿಯಾಗಿಯೇ ಬಿಗಿ ಮಾಡಿದ್ದಳು. ಆ ಬೋಲ್ಟ್ ಹೈವೇಯಲ್ಲಿ ಕಳಚಿ ಬಿದ್ದು, ಎಂಜಿನ್ ಆಯಿಲ್ ಹಿಂದಿನ ಟೈರಿನ ಮೇಲೆ ಸುರಿದು, ಗಾಡಿ ಜಾರಿ ಅವಳ ಬಲಗೈಯ ಮಣಿಕಟ್ಟು ಮುರಿಯಿತು. ಆಗ, ತಪ್ಪು ನಿನ್ನದೇ ಎಂದು ಅವಳಿಗೆ ಹೇಳಿದವನೂ ನಾನೇ. ವರ್ಷಗಳು ಕಳೆದವು. ಅವಳು ಇವತ್ತಿಗೂ ಅದನ್ನೇ ನಂಬಿಕೊಂಡಿದ್ದಾಳೆ.

ಇಷ್ಟು ಬರೆಯುವಷ್ಟರಲ್ಲೇ ಸುಸ್ತಾಯಿತು. ಮೊದಲೇ ದಣಿದ ಜೀವ. ಕುಂದಾಪುರ ಕಡೆಯಿಂದ ಹುಡುಗನಾಗಿ ಮುಂಬಯಿಗೆ ಬಂದವನು, ಫೋರ್ಟಿನ ಒಂದು ಉಡುಪಿ ಹೋಟೆಲಿನ ಗಲ್ಲೆಯ ಮೇಲೆ ದುಡ್ಡು ಎಣಿಸುತ್ತಾ ಕೂತೇ ಆಯುಷ್ಯ ಕಳೆದೆ. ಬೆಳಿಗ್ಗೆ ಗೋರೆಗಾಂವ್‌ನಿಂದ ಲೋಕಲ್, ಸಂಜೆ ಮತ್ತೆ ಲೋಕಲ್. ಗಿರಾಕಿಯ ಮುಖ ನೋಡಿಯೇ ಸುಳ್ಳು ಹಿಡಿಯುತ್ತೇನೆ ಎಂದು ಜಂಬ ಕೊಚ್ಚುತ್ತಿದ್ದವನು ನಾನು. ನನ್ನ ಸುಳ್ಳನ್ನು ಮಾತ್ರ ಯಾರೂ ಹಿಡಿಯಲಿಲ್ಲ — ಹಿಡಿದಿದ್ದರೆ ಚೆನ್ನಾಗಿತ್ತು.

ಪ್ರತಿಮಾ ನಮ್ಮ ಒಬ್ಬಳೇ ಮಗಳು. ಆಗ ಬಾಂದ್ರಾದ ಆಫೀಸೊಂದರಲ್ಲಿ ಕೆಲಸಕ್ಕಿದ್ದಳು. ಸ್ಕೂಟರ್ ತಗೋ ಎಂದರೆ ಕೇಳದೆ ಗೇರಿನ ಬೈಕೇ ತಂದಳು. ಅದು ಸಾಲದೆ, ಆಯಿಲ್ ಕೂಡ ಮನೆಯಲ್ಲೇ ತಾನೇ ಬದಲಾಯಿಸುತ್ತೇನೆ ಎಂದು ಹಟ ಹಿಡಿದಳು. ಒಂದು ಭಾನುವಾರ ಹಾಲ್‌ನಲ್ಲಿ ಪೇಪರ್ ಹಾಸಿ ತಾನು ತಂದ ಸಾಮಾನನ್ನೆಲ್ಲ ಹರಡಿಕೊಂಡು ಕೂತಳು. ಬೋಲ್ಟಿನ ತಲೆಗೆ ಸರಿಯಾಗಿ ಕೂರುವ ಪಾನಾ ಅಂದರೆ ಸ್ಪ್ಯಾನರ್, ಹಳೆಯ ಆಯಿಲ್ ಹಿಡಿಯಲು ಅಗಲದ ಟ್ರೇ, ಹೊಸದನ್ನು ಹೊಯ್ಯಲು ಆಲಿಕೆ, ಬೋಲ್ಟಿಗೆ ಹಾಕಲು ಹೊಸ ವಾಶರ್. ಜೊತೆಗೆ ಉದ್ದ ಹಿಡಿಕೆಯ ಇನ್ನೊಂದು ಪಾನಾ — ಎಷ್ಟು ಬಿಗಿ ಬೇಕೆಂದು ಮೊದಲೇ ಅದರಲ್ಲಿ ಗುರುತು ಇಟ್ಟುಕೊಳ್ಳಬೇಕಂತೆ.

"ಅಷ್ಟು ಟೈಟ್ ಆದ ಕೂಡ್ಲೇ ಇದು ಟಕ್ ಅಂತದೆ ಪಪ್ಪಾ. ಟಕ್ ಅಂದ್ರೆ ಬಸ್. ಮತ್ತೆ ತಿರುಗಿಸ್ಬಾರ್ದು."

"ಅದನ್ನು ಪಾನಾ ಹೇಳ್ಬೇಕಾ ಮಾರಾಯ್ತಿ? ಕೈಗೆ ಗೊತ್ತಾಗ್ತದೆ," ಎಂದು ನಕ್ಕೆ. ಅಟ್ಟದಿಂದ ನನ್ನ ಹಳೆಯ ಸ್ಕ್ರೂ ಪಾನಾ ಇಳಿಸಿ ತೋರಿಸಿದೆ. ಬಾಯಿಯನ್ನು ಹಿಗ್ಗಿಸಿ ಕುಗ್ಗಿಸಿ ಯಾವ ಬೋಲ್ಟಿಗೂ ಕೂರಿಸಬಹುದಾದದ್ದು. ಊರಿನಿಂದ ಬಂದ ಹೊಸತರಲ್ಲಿ ಕೊಂಡದ್ದು.

ಅವಳು ಅದನ್ನು ಕೈಯಲ್ಲಿ ತೂಗಿ ನೋಡಿ ವಾಪಸ್ ಕೊಟ್ಟಳು. "ಇದು ನಳಕ್ಕೆ ಪಪ್ಪಾ. ಗಾಡಿಗೆ ಅಲ್ಲ. ಲೂಸ್ ಕೂರ್ತದೆ, ಬೋಲ್ಟಿನ ತಲೆ ಹಾಳಾಗ್ತದೆ."

ಅವಳ ತಾಯಿ ಸುಮತಿ ಒಳಗಿನಿಂದ ನಕ್ಕಳು. ಇಷ್ಟೇ. ಇಷ್ಟಕ್ಕೇ ನನಗೆ ಚುರ್ ಎಂದಿತು — ಮಗಳು ಹೇಳಿದ್ದು ಸರಿ ಎಂಬ ಕಾರಣಕ್ಕೇ ಹೆಚ್ಚು. ಅಪ್ಪ ಎನಿಸಿಕೊಂಡವನಿಗೆ ಎಂಥ ಸಣ್ಣ ಬುದ್ಧಿ ನೋಡಿ.

ಆದರೂ ಹುಡುಗಿ ಕೆಲಸ ಕಲಿತಳು. ಬಿಲ್ಡಿಂಗಿನ ಹೆಂಗಸರು ತಮ್ಮ ಸ್ಕೂಟರುಗಳನ್ನು ಅವಳ ಹತ್ತಿರ ತರಲು ಶುರುಮಾಡಿದರು. ಗೆಳತಿಯೊಬ್ಬಳ ಜೊತೆ ಸೇರಿ ಗೋರೆಗಾಂವ್ ಸ್ಟೇಷನ್ ಹತ್ತಿರ ಒಂದು ಸಣ್ಣ ಶೆಡ್ ನೋಡಿಟ್ಟಿದ್ದಳು. ಹೆಂಗಸರ ಗಾಡಿಗಳ ಗ್ಯಾರೇಜು, ನಡೆಸುವವರೂ ಹೆಂಗಸರೇ. ದೀಪಾವಳಿಗೆ ಆಫೀಸು ಬಿಡುವುದೆಂದು ಗಟ್ಟಿ ಮಾಡಿದ್ದಳು. ಆ ದಿನಗಳ ಅವಳ ಮುಖ ಈಗಲೂ ಕಣ್ಣ ಮುಂದಿದೆ.

ಆ ವರ್ಷ ನವರಾತ್ರಿಯಲ್ಲಿ, ಆಯುಧಪೂಜೆಗೆ ಮುಂಚಿನ ದಿನ, ಅವಳು ತನ್ನ ಬೈಕಿನ ಆಯಿಲ್ ಬದಲಾಯಿಸಿದಳು. ಆಮೇಲೆ ಪಾನಾಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ತಾಯಿಗೆ ಕೊಟ್ಟಳು. ಪೂಜೆಯ ಬೆಳಿಗ್ಗೆ ಸುಮತಿ ಅವನ್ನು ಕತ್ತಿ, ಕತ್ತರಿ, ಮೆಟ್ಟುಕತ್ತಿಯ ಜೊತೆ ದೇವರ ಮುಂದೆ ಸಾಲಾಗಿ ಇಟ್ಟು ಕುಂಕುಮ ಹಚ್ಚಿದಳು. ನಮ್ಮಲ್ಲಿ ಒಂದು ಕ್ರಮ — ಪೂಜೆಗಿಟ್ಟ ಆಯುಧವನ್ನು ಮರುದಿನ ವಿಜಯದಶಮಿಯ ಆರತಿ ಆಗುವವರೆಗೆ ಯಾರೂ ಎತ್ತುವಂತಿಲ್ಲ. ನನ್ನ ಸ್ಕ್ರೂ ಪಾನಾವನ್ನು ಮಾತ್ರ ಯಾರೂ ಕೇಳಲಿಲ್ಲ. ಅದು ಅಟ್ಟದಲ್ಲೇ ಉಳಿಯಿತು.

ಪೂಜೆಯ ದಿನ ನನಗೆ ರಜೆ. ಪ್ರತಿಮಾ ಗಾಡಿ ಇಲ್ಲೇ ಬಿಟ್ಟು ಗೆಳತಿಯ ಮನೆಗೆ ಹೋಗಿದ್ದಳು. ಮಧ್ಯಾಹ್ನ ಕೆಳಗಿಳಿದಾಗ ಬೈಕಿನ ಅಡಿಯಲ್ಲಿ ಒಂದು ಹನಿ ಆಯಿಲ್ ಬಿದ್ದದ್ದು ಕಂಡಿತು. ಬೆಳಿಗ್ಗೆಯೇ ಅವಳು ತಾಯಿಗೆ ಹೇಳಿದ್ದಳು — ಎಂಜಿನ್ ಗಾರ್ಡಿನ ಒಳಗೆ ಹಳೆಯ ಆಯಿಲ್ ಸ್ವಲ್ಪ ಅಂಟಿದೆ, ಒಂದೆರಡು ಹನಿ ಬಿದ್ದರೆ ಗಾಬರಿಯಾಗಬೇಡಿ ಎಂದು. ನಾನು ಕೇಳಿಸಿಕೊಂಡಿದ್ದೆ. ಇಲ್ಲ ಎನ್ನಲಾರೆ, ಕೇಳಿಸಿಕೊಂಡಿದ್ದೆ.

ಆದರೆ ಆ ಹನಿ ನೋಡಿ ನನಗೆ ಖುಷಿಯಾಯಿತು. ನಿಜ ಹೇಳುತ್ತಿದ್ದೇನೆ — ಖುಷಿಯೇ ಆಯಿತು. ಟಕ್ ಅನ್ನುವ ಪಾನಾದ ಯೋಗ್ಯತೆ ಇಷ್ಟೇ ಎಂದುಕೊಂಡೆ. ಅವಳ ಪಾನಾಗಳು ದೇವರ ಮುಂದಿದ್ದವು, ಮುಟ್ಟುವಂತಿರಲಿಲ್ಲ. ನಾಳೆಯವರೆಗೆ ಕಾಯಬಹುದಿತ್ತು. ಮೇಲೆ ಹೋಗಿ ನನ್ನ ಸ್ಕ್ರೂ ಪಾನಾ ತಂದೆ. ದೇವರ ಎದುರಿನ ಕಬ್ಬಿಣ ಎತ್ತಲು ಹೆದರಿದೆ, ಮಗಳ ಪ್ರಾಣದ ಮೇಲೆ ಕೈ ಹಾಕಲು ಹೆದರಲಿಲ್ಲ.

ಬೋಲ್ಟಿನ ಮೇಲೆ ಪಾನಾ ಒಮ್ಮೆ ಜಾರಿತು. ಮತ್ತೆ ಕೂರಿಸಿ ಮೈಭಾರವೆಲ್ಲ ಹಾಕಿ ಒತ್ತಿದೆ. ಬೋಲ್ಟ್ ತಿರುಗಿತು. ಇನ್ನಷ್ಟು ಒತ್ತಿದೆ. ಒಳಗೇನೋ ಕರಕ್ ಎಂದಿತು — ಆಮೇಲೆ ಬೋಲ್ಟ್ ಬಿಗಿಯೇ ಇಲ್ಲದೆ ಸುಮ್ಮನೆ ತಿರುಗತೊಡಗಿತು. ಬೋಲ್ಟನ್ನು ಹಿಡಿದಿಡುವ ಎಂಜಿನ್ನಿನೊಳಗಿನ ಥ್ರೆಡ್ಡು ಕಿತ್ತುಹೋಗಿತ್ತು. ಈಗ ಆಯಿಲ್ ನಿಜವಾಗಿಯೂ ಜಿನುಗುತ್ತಿತ್ತು.

ಆಗ ನಾನು ಮಾಡಿದ್ದು — ಇದನ್ನು ಬರೆಯಲು ಕೈ ಬರುವುದಿಲ್ಲ. ನಳ ಸೋರಿದರೆ ಹಚ್ಚುವ ಅಂಟು ಮನೆಯಲ್ಲಿತ್ತು, ಹಿಟ್ಟಿನ ಹಾಗೆ ನಾದಿ ಮೆತ್ತಿದರೆ ಕಲ್ಲಾಗುವಂಥದ್ದು. ಅದನ್ನು ಬೋಲ್ಟಿನ ಸುತ್ತ ಒತ್ತಿದೆ. ಬೆಳ್ಳಗೆ ಕಾಣುತ್ತಿತ್ತೆಂದು ಮೇಲಿನಿಂದ ಕಪ್ಪು ಗ್ರೀಸ್ ಸವರಿದೆ. ಅವಳಿಗೆ ಕಾಣಬಾರದೆಂದೇ ಸವರಿದೆ. ಸಂಜೆ ಅವಳು ಬಂದಳು. ನಾನು ಚಹಾ ಕುಡಿಯುತ್ತಾ ಕೂತಿದ್ದೆ.

ನಾಳೆ ಹೇಳುತ್ತೇನೆ ಎಂದುಕೊಂಡೆ. ಮರುದಿನ ದಸರಾ, ಬೈಕಿಗೆ ಗೊಂಡೆಹೂವಿನ ಮಾಲೆ ಹಾಕಿ ನಗುತ್ತಿದ್ದಳು, ಹೇಳಲಾಗಲಿಲ್ಲ. ಆಮೇಲೆ — ಸೋರುತ್ತಿಲ್ಲವಲ್ಲ, ಮುಂದಿನ ಸಲ ಆಯಿಲ್ ಬದಲಾಯಿಸುವ ಮೊದಲು ಹೇಳಿದರಾಯಿತು ಎಂದುಕೊಂಡೆ…

ದೀಪಾವಳಿ ಹತ್ತಿರವಿತ್ತು. ಬೆಳಗಿನ ಇಡ್ಲಿ ಗಿರಾಕಿಗಳ ಗಲಾಟೆಯಲ್ಲಿ ಫೋನ್ ಬಂತು. ಆಸ್ಪತ್ರೆಗೆ ಓಡಿದೆ. ಪ್ರತಿಮಾಳ ಕೈಗೆ ಪಟ್ಟಿ, ಮುಖದ ತುಂಬ ತರಚು. ಹಿಂದೆ ಬರುತ್ತಿದ್ದ ಟೆಂಪೋದವನು ಬ್ರೇಕ್ ಹಾಕದಿದ್ದರೆ — ಬೇಡ. ಗಾಡಿಯನ್ನು ಎತ್ತಿಕೊಂಡು ಹೋಗಿದ್ದ ಮೆಕ್ಯಾನಿಕ್ ಅಲ್ಲೇ ನಿಂತಿದ್ದ.

"ಆಯಿಲ್ ಕಾ ಬೋಲ್ಟ್ ಹೀ ನಹೀ ಹೈ," ಎಂದ. "ಘರ್ ಪೇ ಖೋಲಾ ಥಾ ಕ್ಯಾ ಕಿಸೀನೇ?" ಬೋಲ್ಟೇ ಇಲ್ಲ, ಮನೆಯಲ್ಲಿ ಯಾರಾದರೂ ಬಿಚ್ಚಿದ್ದರಾ ಎಂದು ಅವನ ಪ್ರಶ್ನೆ.

"ಮೈನೇ," ಬಿಚ್ಚಿದ್ದು ತಾನೇ ಎಂದಳು ಪ್ರತಿಮಾ. ಆಮೇಲೆ ನನ್ನ ಕಡೆ ತಿರುಗಿದಳು.

ಒಂದೇ ಮಾತು ಬೇಕಿತ್ತು. ಬಾಯಿ ತೆರೆದೆ. ಹೊರಬಂದದ್ದು ಇದು: "ಸರಿ ಬಿಗಿ ಮಾಡಿರ್ಲಿಕ್ಕಿಲ್ಲ ನೀನು. ಅದಕ್ಕೇ ಹೇಳಿದ್ದು, ಇದೆಲ್ಲ ನಮ್ಮ ಕೆಲಸ ಅಲ್ಲ ಅಂತ."

"ಟಕ್ ಅಂತ ಕೇಳಿತ್ತು ಪಪ್ಪಾ," ಎಂದಳು. ಆಮೇಲೆ ಮೆಲ್ಲಗೆ, "ಕೇಳಿತ್ತು ಅಂತ ಅನಿಸ್ತದೆ…" ಎಂದಳು.

ತನ್ನ ಕಿವಿಯ ಮೇಲೆ, ತನ್ನ ಕೈಯ ಮೇಲೆ ಅವಳಿಗಿದ್ದ ನಂಬಿಕೆ ಹೋದದ್ದು ಆಗಲೇ. ಕಣ್ಣಾರೆ ಕಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲಾದರೂ ಮುಟ್ಟಿ ನೋಡಿಕೊಳ್ಳುತ್ತಾನಂತೆ, ನಾನು ಅದನ್ನೂ ಮಾಡಲಿಲ್ಲ. ಮಾಡಿದ್ದು ಒಂದೇ — ಗಾಡಿ ನೋಡಿ ಬರುತ್ತೇನೆಂದು ಗ್ಯಾರೇಜಿಗೆ ಹೋಗಿ, ತೂತಿನ ಅಂಚಿನಲ್ಲಿ ಉಳಿದಿದ್ದ ಅಂಟನ್ನು ಯಾರೂ ನೋಡದಾಗ ಮನೆಯ ಕೀಲಿಕೈಯಿಂದ ಕೆರೆದು ತೆಗೆದೆ.

ಶೆಡ್ ಬೇರೆಯವರ ಪಾಲಾಯಿತು. ಗೆಳತಿ ಮನೆಗೆ ಬಂದು ಎಷ್ಟೋ ಬೇಡಿಕೊಂಡಳು. "ನನ್ನದೇ ಗಾಡಿಯ ಬೋಲ್ಟ್ ಟೈಟ್ ಮಾಡ್ಲಿಕ್ಕೆ ಬರ್ಲಿಲ್ಲ. ಬೇರೆಯವರ ಗಾಡಿ ಮುಟ್ಟಿ ನಾಳೆ ಯಾರಾದ್ರೂ ಸತ್ರೆ?" ಎಂದು ಪ್ರತಿಮಾ ಬಾಗಿಲು ಹಾಕಿಕೊಂಡಳು. ನಾನು ಪಕ್ಕದ ಕೋಣೆಯಲ್ಲಿ ಟಿ.ವಿ. ನೋಡುತ್ತಿದ್ದೆ. ಕೈ ವಾಸಿಯಾದ ಮೇಲೆ ಬೈಕ್ ಮಾರಿದಳು. ಆಫೀಸು ಬಿಡಲಿಲ್ಲ. ಮದುವೆಯಾಯಿತು, ಗೋರೆಗಾಂವ್‌ನಲ್ಲೇ ಮನೆ. ಈಗ ನಳದ ವಾಶರ್ ಬದಲಾಯಿಸಲೂ ಜನ ಕರೆಸುತ್ತಾಳೆ.

ಆ ಪಾನಾಗಳು ಇನ್ನೂ ನಮ್ಮ ಮನೆಯಲ್ಲಿವೆ. ಸುಮತಿ ಪ್ರತಿ ಆಯುಧಪೂಜೆಗೆ ಅವನ್ನು ಹೊರತೆಗೆದು ಕುಂಕುಮ ಹಚ್ಚುತ್ತಾಳೆ. ಪ್ರತಿ ವರ್ಷ ನಾನು ಅವುಗಳ ಮುಂದೆ ಕೈಮುಗಿಯುತ್ತೇನೆ. ಈ ಸಲ ಪ್ರತಿಮಾಳೂ ಬಂದಿದ್ದಳು. ತಾಯಿ ಒರೆಸಲು ಕೊಟ್ಟಾಗ ಆ ಉದ್ದ ಪಾನಾವನ್ನು ಹಿಡಿದು ಹಿಂದಿನ ಹಾಗೆ ಒಮ್ಮೆ ತಿರುಗಿಸಿದಳು. ಮುಖ ಒಂದು ಕ್ಷಣ ಅರಳಿತು. ಆಮೇಲೆ ಕೆಳಗಿಟ್ಟಳು.

"ಮಮ್ಮಿ, ಇದನ್ನು ಯಾರಿಗಾದ್ರೂ ಕೊಟ್ಬಿಡು. ಕೆಲಸ ಬರುವವರಿಗೆ."

ಅವತ್ತಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ಹಾಗಾಗಿ ಇದನ್ನು ಬರೆಯಲು ಕೂತೆ. ಬರೆಯುತ್ತಾ ಬರೆಯುತ್ತಾ ಇಲ್ಲೂ ನನ್ನ ಕಳ್ಳಬುದ್ಧಿ ಕಂಡಿತು. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು ಪ್ರತಿಮಾ, ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಇಡೀ ಜಗತ್ತು ಓದಿದರೂ ಅವಳೊಬ್ಬಳು ಓದಲಾರದ ಅಕ್ಷರದಲ್ಲಿ ತಪ್ಪೊಪ್ಪಿಕೊಂಡು ಹಗುರಾಗಲು ಹೊರಟಿದ್ದೇನೆ! ಬೋಲ್ಟಿನ ಮೇಲೆ ಗ್ರೀಸ್ ಸವರಿದ ಕೈಯೇ ಇದನ್ನೂ ಬರೆಯುತ್ತಿದೆ.

ಭಾನುವಾರ ಅವಳು ಊಟಕ್ಕೆ ಬರುತ್ತಾಳೆ. ಪಾನಾಗಳನ್ನು ಯಾರಿಗೂ ಕೊಡಬೇಡ ಎಂದು ಸುಮತಿಗೆ ಹೇಳಿದ್ದೇನೆ, ಯಾಕೆಂದು ಹೇಳಿಲ್ಲ. ಅವಳಿಗೂ ಅವತ್ತೇ ಗೊತ್ತಾಗಲಿ. ಈ ಕಾಗದ ಹಿಡಿದು ಓದುವುದಿಲ್ಲ. ಮಗಳನ್ನು ಎದುರಿಗೆ ಕೂರಿಸಿಕೊಂಡು ಬಾಯಿಬಿಟ್ಟು ಹೇಳುತ್ತೇನೆ — ಟಕ್ ಅಂತ ನಿನಗೆ ಕೇಳಿದ್ದು ನಿಜ ಪ್ರತಿಮಾ. ನೀನು ಸರಿಯಾಗಿಯೇ ಬಿಗಿ ಮಾಡಿದ್ದೆ. ಹಾಳು ಮಾಡಿದವನು ನಾನು.

ಅವಳು ಊಟ ಬಿಟ್ಟು ಎದ್ದು ಹೋದರೆ ನಾನು ತಡೆಯುವುದಿಲ್ಲ. ಹೋಗುವಾಗ ಪಾನಾಗಳನ್ನು ತೆಗೆದುಕೊಂಡು ಹೋದರೆ ಸಾಕು.