ಗಣಿತದ ಸರ್ ಮತ್ತು ನನ್ನ ಕೈಯ ಮೌಸ್

ನಮ್ಮ ಗಣಿತದ ಸರ್ ಅವರ ಬಲಗೈ ಉಗುರುಗಳಲ್ಲಿ ಚಾಕ್‌ಪೀಸಿನ ಬಿಳಿ ಪುಡಿ ಸದಾ ಕೂತಿರುತ್ತಿತ್ತು. ರಜೆಯ ದಿನ ಬಜಾರಿನಲ್ಲಿ ಬದನೆಕಾಯಿ ಆರಿಸುವಾಗಲೂ ಕಾಣುತ್ತಿತ್ತು. ಲೆಕ್ಕವನ್ನು ಅರ್ಧ ಬಿಡಿಸಿ, ಚಾಕ್‌ಪೀಸನ್ನು ಯಾವುದಾದರೂ ಮಗುವಿಗೆ ಕೊಟ್ಟು, ತಾವು ಹೋಗಿ ಬೆಂಚಿನ ಮೇಲೆ ಕೂರುವುದು ಅವರ ರೂಢಿ.

ಎರಡು ಸಾವಿರದ ದಶಕದಲ್ಲಿ ನಾನು ಸರ್ ಪಾಠ ಮಾಡುತ್ತಿದ್ದ ಹುಮನಾಬಾದಿನ ಶಾಲೆಗೆ ಹೊಸ ಶಿಕ್ಷಕಿಯಾಗಿ ಸೇರಿದಾಗ ಕಂಪ್ಯೂಟರ್‌ಗಳೂ ಆಗಷ್ಟೇ ಬಂದಿದ್ದವು. ಅವಕ್ಕೆ ಹೊದಿಕೆ, ಕೋಣೆಗೆ ಬೀಗ. ಆಯುಧಪೂಜೆಯ ದಿನ ವಿಭೂತಿ, ಕುಂಕುಮ ತಪ್ಪುತ್ತಿರಲಿಲ್ಲ; ಪಾಠವೊಂದೇ ಇರಲಿಲ್ಲ. “ಮಕ್ಕಳು ಮುಟ್ಟಿ ಕೆಟ್ರ ಜಿಮ್ಮೇದಾರಿ ಯಾರದ್ರಿ?” ಎನ್ನುತ್ತಿದ್ದರು ಹೆಡ್‌ಮಾಸ್ಟರ್. ನಾನು ಹಟ ಹಿಡಿದೆ. ಕೊನೆಗೆ ಅವರು, ಬಸವಕಲ್ಯಾಣದಲ್ಲಿ ಶಿಕ್ಷಕರ ಸಭೆಯ ಮುಂದೆ ಮಾದರಿ ಪಾಠ ಮಾಡಿ, ಅದು ಚೆನ್ನಾಗಿ ನಡೆದರೆ ಬೀಗ ತೆಗೆಯೋಣ ಎಂದರು.

ಅಂತರಜಾಲದಲ್ಲಿ ಒಂದು ಪುಟ ಹುಡುಕಿಟ್ಟುಕೊಂಡಿದ್ದೆ. ತ್ರಿಕೋನದ ಮೂಲೆ ಹಿಡಿದು ಎಳೆದರೆ ಮೂರೂ ಕೋನಗಳ ಅಳತೆ ಪಕ್ಕದಲ್ಲೇ ಬದಲಾಗುತ್ತಿತ್ತು; ಕೂಡಿದರೆ ಮಾತ್ರ ಸದಾ ನೂರೆಂಬತ್ತು. ಸರ್‌ಗೆ ತೋರಿಸಿದರೆ ಮೂಗು ಮುರಿದರು. “ತಂಗಿ, ನೀ ಎಳಿಯಾಕತ್ತಿ, ಹುಡುಗ್ರು ಸುಮ್ನ ನೋಡ್ತಾರ. ನನ್ನ ಬೋರ್ಡಿನ ಮ್ಯಾಲಾದ್ರ ಅವರ ಕೈ ಬೀಳ್ತದ.” ಹಳೇ ತಲೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಪಾಠದ ದಿನ ಮಕ್ಕಳನ್ನು ಬಸ್ಸಿನಲ್ಲಿ ಕರೆತಂದವರು ಅದೇ ಸರ್. ಪ್ರೊಜೆಕ್ಟರ್ ಹಾಕಿದೊಡನೆ ಗೋಡೆಯ ಮೇಲೆ ತ್ರಿಕೋನ ಮೂಡಿತು. ನಾನು ಎಳೆದೆ, ವಿವರಿಸಿದೆ. ಮಕ್ಕಳು ಆಕಳಿಸಿದರು. “ಟಿ.ವಿ. ಆತಲ್ರಿ ಇದು” ಎಂದು ಹಿಂದಿನ ಸಾಲಿನ ಶಿಕ್ಷಕರೊಬ್ಬರು ನಕ್ಕರು. ಇನ್ನು ಆ ಬೀಗ ತೆರೆಯುವುದಿಲ್ಲ ಅನ್ನಿಸಿ ನನಗೆ ಅಳು ಬಂತು. ಅಷ್ಟರಲ್ಲಿ ಸರ್ ಎದ್ದು ಬಂದು, ನನ್ನ ಕೈಯಿಂದ ಮೌಸ್ ಬಿಡಿಸಿ, ಗಣಿತವೆಂದರೆ ಬೆವರುತ್ತಿದ್ದ ದುಬಲಗುಂಡಿಯ ಹುಡುಗಿಯನ್ನು ಕರೆದರು. “ಬಾರವ್ವ, ನೀ ಎಳಿ. ಕೆಟ್ರ ಜಿಮ್ಮೇದಾರಿ ನಂದು.”

ಅವಳು ಎಳೆದಳು, ಮತ್ತೆ ಎಳೆದಳು. “ಸರ್, ಮೂರೂ ಮೂಲಿ ಒಂದೇ ಗೆರಿ ಮ್ಯಾಲ ಬಂದ್ರ ಏನಾಗ್ತದ್ರಿ?”

“ನನಗ್ಯಾಕ ಕೇಳ್ತಿ? ಎಳದು ನೋಡು.”

ಎರಡು ಕೋನಗಳು ಸೊನ್ನೆಯಾದವು, ಮೂರನೆಯದು ನೂರೆಂಬತ್ತಕ್ಕೆ ಬಂತು. “ಕೂಡಿದ್ರ ಮತ್ತ ಅಷ್ಟೇ ಅದರಿ” ಎಂದು ಅವಳು ಇಡೀ ಸಭೆಗೆ ಹೇಳಿದಳು. ನಕ್ಕಿದ್ದ ಶಿಕ್ಷಕರೇ “ನನಗೊಮ್ಮೆ ಕೊಡವ್ವ” ಎಂದು ಮುಂದೆ ಬಂದರು. ಅವರ ಹಿಂದೆ ಸಾಲು ನಿಂತಿತು. ಮರುದಿನ ನಮ್ಮ ಕೋಣೆಯ ಬೀಗ ತೆರೆಯಿತು.

ಎಲ್ಲರೂ ಹೊಗಳಿದ್ದು ನನ್ನನ್ನು. ಸರ್ ಒಂದು ದಿನವೂ ಆ ಮಾತೆತ್ತಲಿಲ್ಲ. ಅವರು ತೀರಿಕೊಂಡು ವರ್ಷಗಳಾದವು. ಇಂದಿಗೂ ಮಗುವೊಂದು ತಪ್ಪು ಗುಂಡಿ ಒತ್ತಿದರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ. ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಾಯುತ್ತೇನೆ.