ಗ್ರೇಡ್ ಕೊಡುವವರಿಗೆ ಹಾಕಿದ ಹೋಳಿಗೆ

ಮಕ್ಕಳೇ, ಹೋಳಿಗೆ ಮಾಡಿದ ದಿನ ನಿಮ್ಮಮ್ಮ ಊಟಕ್ಕೆ ಏಕೆ ಕೂರುವುದಿಲ್ಲ ಎಂದು ಕೇಳುತ್ತಿರುತ್ತೀರಿ. ಎದುರಿಗೆ ಹೇಳಲು ನಿಮ್ಮ ಈ ಅಜ್ಜಿಗೆ ಬಾಯಿ ಬರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನೀವು ಹುಟ್ಟುವ ಮೊದಲು ನಿಮ್ಮಮ್ಮ ಅಜ್ಜಂಪುರದ ಕಡೆಯ ಒಂದು ಚಿಕ್ಕ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಸುತ್ತಲ ಹಳ್ಳಿಯ ಹೆಣ್ಣುಮಕ್ಕಳು ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಮನೆ ಸೇರಬಹುದಿತ್ತು. ಅಷ್ಟಕ್ಕೇ ಅವರ ಮನೆಯವರು ಓದಲು ಬಿಟ್ಟಿದ್ದರು. ಅಂತರಘಟ್ಟೆಯಿಂದ ಬರುವ ಒಬ್ಬ ಹುಡುಗಿ ಮಧ್ಯಾಹ್ನ ನಮ್ಮ ಮನೆಯಲ್ಲೇ ಉಣ್ಣುತ್ತಿದ್ದಳು. ಮೈಕ್ರೋಸ್ಕೋಪಿನಲ್ಲಿ ನೋಡಲು ಗಿಡದ ಕಾಂಡವನ್ನು ಅಷ್ಟು ತೆಳ್ಳಗೆ ಕೊಯ್ಯುವವರನ್ನು ತಾನು ನೋಡಿಲ್ಲ ಎಂದು ನಿಮ್ಮಮ್ಮ ಹೇಳುತ್ತಿದ್ದಳು.

ಒಂದು ವರ್ಷ ಕಾಲೇಜು ಹೇಗಿದೆ ಎಂದು ಪರಿಶೀಲಿಸಿ ಗ್ರೇಡ್ ಕೊಡುವವರು ಬರುತ್ತಾರೆ ಎಂದಾಯಿತು. ಗ್ರೇಡ್ ಕಡಿಮೆ ಬಂದರೆ ಸೈನ್ಸ್ ಮುಚ್ಚುವುದಾಗಿ ಆಡಳಿತದವರು ಮೊದಲೇ ಹೇಳಿದ್ದರು. ದೊಡ್ಡವರು ಬಂದರೆ ಮಠದ ಸ್ವಾಮಿಗಳನ್ನು ಬರಮಾಡಿಕೊಂಡ ಹಾಗೆ ಮಾಡುವುದಷ್ಟೇ ನಮ್ಮ ಜನಕ್ಕೆ ಗೊತ್ತು. ಮಾವಿನ ತೋರಣ ಕಟ್ಟಿದರು, ಪೂರ್ಣಕುಂಭ ಹಿಡಿಸಿದರು. ಊರಿನ ಮುಖಂಡರೆಲ್ಲ ಒಬ್ಬೊಬ್ಬರಾಗಿ ಶಾಲು ಹೊದಿಸಿದರು. ಆಮೇಲೆ ಬಾಳೆಲೆ ಊಟ. ನಾನೂ ಹೆಂಗಸರ ಜೊತೆ ಹಿಂದಿನ ಕೋಣೆಯಲ್ಲಿ ಹೋಳಿಗೆ ತಟ್ಟುತ್ತಿದ್ದೆ.

ಬಂದವರು ಗಡಿಯಾರ ನೋಡುತ್ತಿದ್ದರು. ನಮ್ಮವರು ಏಳಲು ಬಿಡಲಿಲ್ಲ.

"ಇನ್ನೊಂದು ಹಾಕಿಸ್ಕೊಳಿ ಸಾರ್. ನಮ್ಮೂರಿಗ್ ಬಂದು ಅರೆಹೊಟ್ಟೇಲಿ ಎದ್ದೋದ್ರೆ ನಮ್ಗೆ ಮರ್ಯಾದೆನಾ?"

ಅವರು ಕೈ ತೊಳೆಯುವಷ್ಟರಲ್ಲಿ ಕಡೂರಿನಲ್ಲಿ ಹಿಡಿಯಬೇಕಾದ ರೈಲಿಗೆ ಹೊತ್ತಾಗಿತ್ತು. ಲ್ಯಾಬಿನ ಬಾಗಿಲಲ್ಲಿ ಫೋಟೋ ತೆಗೆಸಿಕೊಂಡು ಹಾಗೇ ಕಾರು ಹತ್ತಿದರು. ಒಳಗೆ ಆ ಹುಡುಗಿ ತಾನು ಕೊಯ್ದ ಕಾಂಡವನ್ನು ಇಟ್ಟುಕೊಂಡು ಮೈಕ್ರೋಸ್ಕೋಪಿನ ಪಕ್ಕ ನಿಂತೇ ಇದ್ದಳು. ಅವರು ಯಾವಾಗ ಬರುತ್ತಾರೋ ಎಂದು ಊಟಕ್ಕೂ ಹೋಗಿರಲಿಲ್ಲ.

ಗ್ರೇಡ್ ತೀರಾ ಕೆಳಗಿನದು ಬಂತು. ಊಟ ಚೆನ್ನಾಗಿತ್ತು ಅಂದಿದ್ದರಲ್ಲ ಎಂದು ನಮ್ಮವರು ಬಹಳ ದಿನ ಮಾತಾಡಿಕೊಂಡರು. ಮಾರನೆಯ ವರ್ಷ ಅನುಕೂಲಸ್ಥರು ಮೊಬೈಲಿನಲ್ಲಿ ಗ್ರೇಡ್ ನೋಡಿ ಮಕ್ಕಳನ್ನು ಶಿವಮೊಗ್ಗಕ್ಕೆ ಸೇರಿಸಿದರು. ಇಲ್ಲಿ ಸೈನ್ಸ್ ಮುಚ್ಚಿತು. ಓದುತ್ತಿದ್ದವರಿಗೆ ಉಳಿದ ಓದನ್ನು ಬೇರೆ ಕಡೆ ಮುಗಿಸಿ ಎಂದರು.

ಹುಡುಗಿಯ ಅಪ್ಪ ಅವಳನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದ. ಅವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ.

"ಅಷ್ಟು ದೂರ ಹಾಸ್ಟೆಲ್ಲಲ್ಲಿ ಬಿಡಕ್ಕಾಗಲ್ಲ ಕಣಮ್ಮಾ. ಇಲ್ಲೇ ಇದ್ದಿದ್ರೆ ಓದುಸ್ತಿದ್ದೆ," ಎಂದ.

ಹುಡುಗಿ ಬಾಗಿಲ ಹತ್ತಿರವೇ ನಿಂತಿದ್ದಳು. ಹೊರಡುವಾಗ ನಿಮ್ಮಮ್ಮನನ್ನು ಕೇಳಿದಳು: "ಒಂದ್ಸಲ ಬಗ್ಗಿ ನೋಡಿದ್ರೆ ಸಾಕಿತ್ತಲ್ವಾ, ಮೇಡಮ್?"

ಶ್ರಾವಣದಲ್ಲಿ ಆ ಹುಡುಗಿಯ ಮದುವೆಯಾಯಿತು. ನಾವಿಬ್ಬರೂ ಹೋಗಿದ್ದೆವು. ಪಂಕ್ತಿಯಲ್ಲಿ ಎಲೆಗೆ ಹೋಳಿಗೆ ಬಿತ್ತು, "ಇನ್ನೊಂದು ಹಾಕಿಸ್ಕೊಳಿ" ಎಂದರು. ನಿಮ್ಮಮ್ಮ ಎಲೆ ಮಡಚಿ ಎದ್ದುಬಿಟ್ಟಳು.

ಅವಳನ್ನು ಒತ್ತಾಯ ಮಾಡಬೇಡಿ, ಮಕ್ಕಳೇ.